ಟೇಬಲ್ ರನ್ನರ್ ಹಪ್ಪಳದ ಹಾಗೆ ಎದ್ದು ಕೂತಿದೆ, ಇನ್ನು 19 ದಿನ ಇದೆ, ಏನು ಮಾಡಲಿ?

ಸೂಜಿಮಲ್ಲಿಗೆ (ನಾಶುವಾ, ನ್ಯೂ ಹ್ಯಾಂಪ್‌ಷೈರ್) · ನವೆಂಬರ್ 8, 2025, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಇದ್ದವಳು ನಾನು. ಈಗ ಅಳು ಬರುವ ಹಾಗಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮನೆಯಲ್ಲಿ. ಏಳು ವರ್ಷದಿಂದ ಪಕ್ಕದ ಮನೆಯ ಅಜ್ಜ ಅಜ್ಜಿ ನಮ್ಮನ್ನು ಕರೆದು, ನಮಗೆ ಅಂತಲೇ ಮಾಂಸ ಸೋಕದ ಪಾತ್ರೆಯಲ್ಲಿ ಬೇರೆ ಸ್ಟಫಿಂಗ್ ಮಾಡಿ ಬಡಿಸಿದ್ದಾರೆ. ಈ ವರ್ಷ ಅಜ್ಜಿಗೆ ಮಂಡಿ ಆಪರೇಷನ್ ಆಗಿದೆ, ಹಾಗಾಗಿ ನಾನೇ ಕರೆದೆ. ಆ ಅಜ್ಜಿ ನಲವತ್ತು ವರ್ಷದಿಂದ ಬಟ್ಟೆ ಪದರಗಳನ್ನು ಸೇರಿಸಿ ಕ್ವಿಲ್ಟ್ ಹೊಲಿಯುವವರು. ಅವರ ಮುಂದೆ ಅಂಗಡಿಯಿಂದ ತಂದ ಬಟ್ಟೆ ಹಾಸಲು ಮನಸ್ಸು ಬರಲಿಲ್ಲ. ಮೇಪಲ್ ಎಲೆಯ ಟೇಬಲ್ ರನ್ನರ್ (ಊಟದ ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿ) ಹೊಲಿಯೋಣ ಅಂತ ಹೊರಟೆ.

ನಾಲ್ಕು ಎಲೆ, ಒಂದೊಂದೂ 9 ಇಂಚು. ನಡುವೆ ಒಂದೂವರೆ ಇಂಚಿನ ಪಟ್ಟಿ, ಸುತ್ತ ಎರಡೂವರೆ ಇಂಚಿನ ಬಾರ್ಡರ್. ಲೆಕ್ಕದ ಪ್ರಕಾರ ಉದ್ದ 45½ ಇಂಚು, ಅಗಲ 14 ಇಂಚು ಬರಬೇಕು. ಎಲೆಗೆ ಅಮ್ಮ ಕೊಟ್ಟು ಕಳಿಸಿದ ಗುಳೇದಗುಡ್ಡದ ಖಣದ ತುಂಡುಗಳು. ಕೆಂಪು, ಸಾಸಿವೆ ಹಳದಿ, ಬದನೆಕಾಯಿ ಬಣ್ಣ, ಮೂರೂ ನಮ್ಮ ಮನೆ ಹಿಂದಿನ ಮರಗಳ ಹಾಗೇ ಇವೆ. ಸುತ್ತಲಿನ ಕೆನೆ ಬಣ್ಣದ್ದು ಇಲ್ಲಿಯ ಕ್ವಿಲ್ಟಿಂಗ್ ಕಾಟನ್. ಒಳಗೆ ಕಾಟನ್ ಬ್ಯಾಟಿಂಗ್ (ಪದರಗಳ ನಡುವೆ ಇಡುವ ಹತ್ತಿ ಹಾಳೆ), ಅಡಿಗೆ ಅಪ್ಪನ ಹಳೇ ಪಂಚೆ.

ಈಗ ಅವಸ್ಥೆ ಕೇಳಿ. ಎಲೆಗಳೊಳಗೆ ನರಗಳ ಹಾಗೆ ಒತ್ತೊತ್ತಾಗಿ ಹೊಲಿದೆ, ಅದು ಚೆನ್ನಾಗಿಯೇ ಬಂದಿದೆ. ಆದರೆ ಟೇಬಲ್ ಮೇಲೆ ಹಾಸಿದರೆ ಅಂಚೆಲ್ಲ ಕರಿದ ಹಪ್ಪಳದ ಹಾಗೆ ಅಲೆ ಅಲೆ. ಉದ್ದ ಅಳೆದರೆ 43½ ಇಂಚು. ಎರಡಿಂಚು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಂಚು ಮುಚ್ಚುವ ಬೈಂಡಿಂಗ್ ಪಟ್ಟಿ ಮೂರು ಕತ್ತರಿಸಿದ್ದೆ, ಕೊನೆಯಲ್ಲಿ ಐದಿಂಚು ಸಾಲದೆ ತುಂಡು ಸೇರಿಸಿದೆ, ಆ ಜೋಡಣೆ ಸರಿಯಾಗಿ ಮೂಲೆಗೇ ಬಂದು ಗಂಟಾಯಿತು. ಒಗೆದರೆ ಸರಿಹೋಗಬಹುದು ಅಂತ ಇವತ್ತು ಮಧ್ಯಾಹ್ನ ಒಗೆದೆ. ಕೆಂಪು ಖಣ ಬಣ್ಣ ಬಿಟ್ಟು ಎರಡು ಎಲೆಗಳ ಸುತ್ತ ಕೆನೆ ಬಟ್ಟೆಯೆಲ್ಲ ಗುಲಾಬಿ. ಅಲೆ ಹೋಗಲಿಲ್ಲ, ಇನ್ನೂ ಜಾಸ್ತಿಯಾಯಿತು.

ಬೈಯಬೇಡಿ. ಉಪಾಯ ಹೇಳಿ.

ಹಳೇಸಿಂಗರ್ (ಮೈಸೂರು) · 11:04

ಮೊದಲು ಒಂದು ಪ್ರಶ್ನೆ. ಬಟ್ಟೆ ಇನ್ನೂ ಒದ್ದೆ ಇದೆಯಾ? ಡ್ರೈಯರ್‌ಗೆ ಹಾಕಿದಿರಾ?

ಸೂಜಿಮಲ್ಲಿಗೆ · 11:06

ಇಲ್ಲ ಅಕ್ಕ, ಬಚ್ಚಲಲ್ಲಿ ಇಳಿಬಿಟ್ಟಿದ್ದೇನೆ. ಇನ್ನೂ ಹಸಿ ಇದೆ.

ಹಳೇಸಿಂಗರ್ · 11:09

ಬದುಕಿದಿರಿ. ಒಣಗಲು ಬಿಡಬೇಡಿ, ಇಸ್ತ್ರಿ ಪೆಟ್ಟಿಗೆ ಹತ್ತಿರವೂ ಒಯ್ಯಬೇಡಿ. ಬಿಸಿ ತಗುಲಿದರೆ ಆ ಗುಲಾಬಿ ಅಲ್ಲೇ ಕೂತುಬಿಡುತ್ತದೆ. ಈಗಲೇ ಎದ್ದು ದೊಡ್ಡ ಟಬ್‌ನಲ್ಲಿ ಜಾಸ್ತಿ ನೀರು ತುಂಬಿಸಿ ಮುಳುಗಿಸಿಡಿ. ಮಡಚಿ ಇಡಬಾರದು, ಒಂದರ ಮೇಲೊಂದು ಬಿದ್ದರೆ ಅಲ್ಲೂ ಬಣ್ಣ ಹತ್ತುತ್ತದೆ.

ಡಾಲರ್‌ದಾಸ · 11:15

ಆನ್‌ಲೈನ್‌ನಲ್ಲಿ ಇಪ್ಪತ್ತು ಡಾಲರ್‌ಗೆ ಒಳ್ಳೆ ರನ್ನರ್ ಸಿಗುತ್ತೆ. ಎರಡು ದಿನದಲ್ಲಿ ಮನೆಗೆ ಬರುತ್ತೆ.

ದಾರದುಂಡೆ (ಟೊರಾಂಟೊ) · 11:16

ದಾಸರೇ, ಹೊಲಿಗೆ ಗುಂಪಿಗೆ ಬಂದು ಈ ಮಾತು ಆಡುವುದು ಅಡುಗೆಮನೆಗೆ ಬಂದು ಹೋಟೆಲ್ ನಂಬರು ಕೊಟ್ಟ ಹಾಗೆ.

ಡಾಲರ್‌ದಾಸ · 11:18

ಹೋಟೆಲ್ ಊಟ ಹಪ್ಪಳದ ಹಾಗೆ ಎದ್ದು ನಿಲ್ಲೋದಿಲ್ಲ ಅಲ್ವಾ 😄

ಅಜ್ಜಂಪುರದವಳು · 11:31

ಒಂದು ಹಿಡಿ ಉಪ್ಪು, ಸ್ವಲ್ಪ ವಿನೆಗರ್ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿಡಿ. ಬಣ್ಣ ಗಟ್ಟಿಯಾಗುತ್ತದೆ. ನಮ್ಮಮ್ಮ ಹೊಸ ಸೀರೆಗೆಲ್ಲ ಹಾಗೇ ಮಾಡುತ್ತಿದ್ದರು.

ಹಳೇಸಿಂಗರ್ · 11:38

ಎಲ್ಲರ ಅಮ್ಮನೂ ಮಾಡುತ್ತಿದ್ದರು, ನಮ್ಮಮ್ಮನೂ. ಆದರೆ ಅಂಗಡಿಯಿಂದ ತಂದ, ಆಗಲೇ ಬಣ್ಣ ಹಾಕಿ ಮುಗಿಸಿದ ಹತ್ತಿ ಬಟ್ಟೆಗೆ ಉಪ್ಪೂ ವಿನೆಗರೂ ಏನೂ ಮಾಡುವುದಿಲ್ಲ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸ ಇರುತ್ತದೆ, ಆಮೇಲಲ್ಲ. ಅವರಿಗೆ ಸೀರೆ ಸರಿಹೋಗುತ್ತಿದ್ದದ್ದು ನೆನೆಸಿ ನೆನೆಸಿ ಹೆಚ್ಚಿನ ಬಣ್ಣ ಹೊರಗೆ ಹೋಗುತ್ತಿದ್ದುದರಿಂದ. ಅದೇ ಇಲ್ಲೂ ಬೇಕು. ಗಟ್ಟಿ ಮಾಡುವುದಲ್ಲ, ಸಡಿಲವಾದ ಬಣ್ಣವನ್ನೆಲ್ಲ ಹೊರಗೆ ಕಳಿಸುವುದು.

ಪೂರ್ತಿ ಹತ್ತಿ ಆಗಿದ್ದರೆ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅನ್ನುತ್ತಿದ್ದೆ. ಖಣದಲ್ಲಿ ರೇಷ್ಮೆ ಎಳೆ ಇದ್ದರೆ ಬಿಸಿ ಬೇಡ. ಉಗುರುಬೆಚ್ಚಗಿನ ನೀರು, ಸ್ವಲ್ಪವೇ ಲಿಕ್ವಿಡ್, ಜೊತೆಗೆ ನೀರಿಗೆ ಬಿಟ್ಟ ಬಣ್ಣ ಹೀರಿಕೊಳ್ಳುವ ಕಲರ್ ಕ್ಯಾಚರ್ ಹಾಳೆ ಎರಡು ಮೂರು. ನೀರು ಕೆಂಪಾದ ಹಾಗೆ ಚೆಲ್ಲಿ ಮತ್ತೆ ತುಂಬಿಸಿ. ನೀರು ತಿಳಿಯಾಗುವ ತನಕ, ಎಷ್ಟು ಸಲ ಆದರೂ ಸರಿ.

ಅಜ್ಜಂಪುರದವಳು · 11:40

ಅರವತ್ತು ವರ್ಷದ ಅನುಭವ ಸುಳ್ಳು ಅಂತೀರಾ?

ಹಳೇಸಿಂಗರ್ · 11:41

ಅನುಭವ ಸುಳ್ಳಲ್ಲ. ಉಪ್ಪು ದಂಡ.

ಕಾಲಿಂಚು (ಬೆಂಗಳೂರು) · ನವೆಂಬರ್ 9, ಬೆಳಗ್ಗೆ 7:20

ನಾನು ಗಂಡಸು, ಮೆಕ್ಯಾನಿಕಲ್ ಇಂಜಿನಿಯರ್, ಹೆಂಡತಿಯ ಮಷೀನು ಮುಟ್ಟಿ ಮುಟ್ಟಿ ಈಗ ಅದು ನನ್ನದೇ ಆಗಿದೆ. ನಿಮ್ಮ ಎರಡಿಂಚು ಎಲ್ಲಿ ಹೋಯಿತು ಅಂತ ಹೇಳಬಲ್ಲೆ.

ಉದ್ದಕ್ಕೆ ಎಣಿಸಿ. ಒಂದು ಎಲೆ ಬ್ಲಾಕ್‌ನಲ್ಲಿ ಅಡ್ಡಕ್ಕೆ ಮೂರು ತುಂಡು, ನಾಲ್ಕು ಬ್ಲಾಕ್‌ಗೆ ಹನ್ನೆರಡು. ನಡುವಿನ ಪಟ್ಟಿ ಮೂರು, ತುದಿಯ ಬಾರ್ಡರ್ ಎರಡು. ಒಟ್ಟು 17 ತುಂಡು, ಅಂದರೆ 16 ಹೊಲಿಗೆ. ಅಂಚಿನಿಂದ ಕಾಲಿಂಚು ಬಿಟ್ಟು ಹೊಲಿಯಬೇಕಾದ ಕಡೆ ನೀವು ಬರೀ 1/16 ಇಂಚು ಜಾಸ್ತಿ ಬಿಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಒಂದು ಹೊಲಿಗೆಯ ಎರಡೂ ಬದಿ ಸೇರಿ 1/8 ಇಂಚು ಹೋಯಿತು. 16 ಸಲ 1/8 ಅಂದರೆ ಎರಡಿಂಚು. ಸರಿಯಾಗಿ ನಿಮ್ಮ ಲೆಕ್ಕ.

ಅದಕ್ಕೇ ಕ್ವಿಲ್ಟ್‌ನವರು ಕಾಲಿಂಚಿಗಿಂತ ಒಂದು ದಾರದಷ್ಟು ಕಮ್ಮಿ ಬಿಡಿ ಅನ್ನುತ್ತಾರೆ. ಮಡಚಿದಾಗ ಬಟ್ಟೆಯ ದಪ್ಪಕ್ಕೂ ಜಾಗ ಬೇಕಲ್ಲ. ಮೂರು ಪಟ್ಟಿ ಒಂದೂವರೆ ಇಂಚಿನವು ಕತ್ತರಿಸಿ ಜೋಡಿಸಿ ನೋಡಿ. ನಡುವಿನದು ಸರಿಯಾಗಿ ಒಂದಿಂಚು ಬಂದರೆ ಮಷೀನು ಸರಿ, ಬರದಿದ್ದರೆ ಸೂಜಿಯ ಜಾಗ ಬದಲಿಸಿ.

ದಾರದುಂಡೆ · 7:41

ಬೈಂಡಿಂಗ್ ಸಾಲದ್ದೂ ಲೆಕ್ಕದ ತಪ್ಪೇ ನೋಡಿ. 45½ ಮತ್ತು 14 ಕೂಡಿಸಿ ಎರಡು ಪಟ್ಟು ಮಾಡಿದರೆ 119 ಇಂಚು. ಮೂಲೆ ತಿರುಗಿಸಲು, ಕೊನೆಗೆ ಜೋಡಿಸಲು ಹನ್ನೆರಡಿಂಚು ಸೇರಿಸಿದರೆ 131. ಇಲ್ಲಿಯ ಬಟ್ಟೆ ಅಗಲ ಸುಮಾರು 42 ಇಂಚು, ಮೂರು ಪಟ್ಟಿಗೆ 126. ನಾಲ್ಕನೆಯದು ಬೇಕೇ ಬೇಕು. ಎರಡೂವರೆ ಇಂಚಿನ ನಾಲ್ಕು ಪಟ್ಟಿಗೆ ಹತ್ತಿಂಚು ಬಟ್ಟೆ ಸಾಕು. ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಆಗ ಗಂಟು ಒಂದೇ ಕಡೆ ಕೂರುವುದಿಲ್ಲ. ಹೊಲಿಯುವ ಮುಂಚೆ ಬೈಂಡಿಂಗನ್ನು ಸುಮ್ನೆ ಸುತ್ತ ಹಾಸಿ ನೋಡಿ, ಜೋಡಣೆ ಮೂಲೆಗೆ ಬರುವ ಹಾಗಿದ್ದರೆ ಒಂದು ಗೇಣು ಹಿಂದೆ ಮುಂದೆ ಸರಿಸಿ.

ನಮಗೆ ಕೆನಡಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರ್ ಎರಡನೇ ಸೋಮವಾರವೇ ಮುಗಿಯಿತು. ನನ್ನ ರನ್ನರ್ ಆಗಲೇ ಸಾಂಬಾರು ಕುಡಿದು ಒಗೆದು ಪೆಟ್ಟಿಗೆ ಸೇರಿದೆ. ಹಾಗಾಗಿ ಉಪದೇಶಕ್ಕೆ ಪುರುಸೊತ್ತು.

ಬಾದಾಮಿ_ಬಸವಿ (ಬಾಗಲಕೋಟೆ ಜಿಲ್ಲೆ) · 9:12

ಏನ್ರೀ ಇದು, ಖಣ ಕತ್ತರಿಸಿ ಎಲೆ ಮಾಡಿ ಅದರ ಮೇಲೆ ಪಾತ್ರೆ ಇಡುವುದಾ? ನಮ್ಮ ಕಡೆ ಖಣ ಅಂದರೆ ಉಡಿ ತುಂಬುವ ಬಟ್ಟೆ. ಗೌರವದ್ದು.

ಸೂಜಿಮಲ್ಲಿಗೆ · 9:30

ಅಕ್ಕ, ಕುಪ್ಪಸ ಹೊಲಿದು ಉಳಿದ ತುಂಡುಗಳು ಅವು. ಅಂಗೈಗಿಂತ ದೊಡ್ಡದು ಒಂದೂ ಇರಲಿಲ್ಲ. ಹನ್ನೊಂದು ವರ್ಷ ಡಬ್ಬಿಯಲ್ಲಿ ಇದ್ದವು. ಅಮ್ಮನೇ ಏನಾದರೂ ಮಾಡು ಅಂದರು.

ಬಾದಾಮಿ_ಬಸವಿ · 9:44

ಹಂಗಾದರೆ ಸರಿ. ಉಳಿದ ತುಂಡಿಗೆ ದೋಷ ಇಲ್ಲ, ಕೌದಿ ಹುಟ್ಟಿದ್ದೇ ತುಂಡಿನಿಂದ.

ಆದರೆ ಒಂದು ಮಾತು ಹೇಳುತ್ತೇನೆ. ನಮ್ಮವ್ವ ಕೌದಿ ಹೊಲಿಯುವಾಗ ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ. ಎರಡು ಮೂರು ಹಳೇ ಸೀರೆ ಒಂದರ ಮೇಲೊಂದು ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ ಕೈಹೊಲಿಗೆ. ನಿಮ್ಮ ಹಾಗೆ ಹತ್ತಿ ಹಾಳೆ ಒಳಗೆ ಇಡುವುದಿಲ್ಲ. ಬಡತನಕ್ಕೆ ಹಳೇದು ಬಳಸುತ್ತಾರೆ ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಹಂಗಲ್ಲ. ಹತ್ತು ವರ್ಷ ಉಟ್ಟು ಒಗೆದ ಸೀರೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತದೆ, ಎಷ್ಟು ಬಣ್ಣ ಬಿಡಬೇಕೋ ಅಷ್ಟು ಬಿಟ್ಟಿರುತ್ತದೆ. ಕೌದಿಯಾದ ಮೇಲೆ ಅದು ಯಾರಿಗೂ ಮೋಸ ಮಾಡುವುದಿಲ್ಲ. ನಿಮ್ಮ ರನ್ನರ್‌ನಲ್ಲಿ ಪಂಚೆ ಹಳೇದು, ಖಣ ಹೊಸದು, ಹತ್ತಿ ಹಾಳೆ ಹೊಸದು. ಒಂದು ಕುಗ್ಗಿತು, ಒಂದು ಕುಗ್ಗಲಿಲ್ಲ, ಒಂದು ಬಣ್ಣ ಕಾರಿತು. ಜಗಳ ಆಗದೆ ಇನ್ನೇನಾದೀತು.

ಹಳೇಸಿಂಗರ್ · 9:50

ಇದು ಮಾತು! ಕಾಟನ್ ಬ್ಯಾಟಿಂಗ್ ಒಗೆದರೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಖಣವನ್ನು ಕತ್ತರಿಸುವ ಮುಂಚೆ ಬೇರೆ ಬೇರೆಯಾಗಿ ಒಗೆಯಬೇಕಿತ್ತು. ಒಂದು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದ್ದರೂ ಗೊತ್ತಾಗುತ್ತಿತ್ತು.

ಕಡಲಾಚೆ_ಕಮಲಿ (ನ್ಯೂಜೆರ್ಸಿ) · 10:25

ಕೌದಿ ಅಂದರೆ ಕ್ವಿಲ್ಟ್ ಅಲ್ಲ, ದಯವಿಟ್ಟು ಬೆರೆಸಬೇಡಿ. ಕ್ವಿಲ್ಟ್‌ಗೆ ಮೂರು ಪದರ ಇರಬೇಕು. ಮೇಲೊಂದು, ಕೆಳಗೊಂದು, ನಡುವೆ ಬ್ಯಾಟಿಂಗ್.

ಬಾದಾಮಿ_ಬಸವಿ · 10:31

ನಮ್ಮದಕ್ಕೆ ಐದು ಪದರ ಇದೆ ರೀ. ಎರಡು ಜಾಸ್ತಿ ಆಯಿತು ಅಂತ ತಳ್ಳಿಹಾಕುತ್ತೀರಾ?

ಗೇಣುದ್ದ · 10:48

ಕಮಲಿಯವರೇ, ಅಮೆರಿಕದಲ್ಲೇ ಅಲಬಾಮಾದ ಜೀಸ್ ಬೆಂಡ್ ಹೆಂಗಸರು ಹೊಲದಲ್ಲಿ ಹಾಕಿ ಸವೆದ ಪ್ಯಾಂಟು, ಹಳೇ ಡೆನಿಮ್ ಜೋಡಿಸಿ ಹೊಲಿದವರು. ಇವತ್ತು ಅವು ಮ್ಯೂಸಿಯಂ ಗೋಡೆ ಮೇಲಿವೆ. 2006ರಲ್ಲಿ ಅಂಚೆ ಚೀಟಿ ಕೂಡ ಬಂತು. ಹಳೇ ಬಟ್ಟೆಯ ಬುದ್ಧಿ ಬಾದಾಮಿಯಲ್ಲೂ ಅಲಬಾಮಾದಲ್ಲೂ ಒಂದೇ.

ಯಲ್ಲಾಪುರ_ಘಟ್ಟ · 12:05

ಇನ್ನೊಂದು ವಿಷಯ. ನಮ್ಮ ಕಡೆ ಸಿದ್ದಿ ಹೆಂಗಸರು ಕವಂದಿ, ಅಂದರೆ ಅವರ ಕೌದಿ, ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯೆಲ್ಲ. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತ ಹೊಲಿಯುತ್ತಾ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಹೂವು, ಅದಕ್ಕೆ ಫೂಲ ಅಂತಾರೆ. ಅಂಚು ಮೊದಲೇ ಕೂತಿರುವುದರಿಂದ ಅದು ಹಪ್ಪಳ ಆಗುವುದಿಲ್ಲ. ಮಲ್ಲಿಗೆಯವರು ನಡುವೆ ಎಲೆಗಳನ್ನು ಒತ್ತೊತ್ತಾಗಿ ಹೊಲಿದು ಅಂಚು ಖಾಲಿ ಬಿಟ್ಟಿದ್ದಾರೆ, ಉಲ್ಟಾ ಮಾಡಿದ್ದಾರೆ.

ಕಡಲಾಚೆ_ಕಮಲಿ · 12:20

ತಪ್ಪು. ಯಾವ ಕ್ಲಾಸಿಗೆ ಹೋದರೂ ನಡುವಿನಿಂದ ಹೊರಗೆ ಹೊಲಿಯಬೇಕು ಅಂತಲೇ ಹೇಳಿಕೊಡುತ್ತಾರೆ. ಅಂಚಿನಿಂದ ಶುರು ಮಾಡಿದರೆ ನಡುವೆ ಗುಳ್ಳೆ ಏಳುತ್ತದೆ.

ಕಾಲಿಂಚು · 12:44

ಇಬ್ಬರೂ ಸರಿ, ಸ್ವಲ್ಪ ಸಮಾಧಾನ. ಕೈಯಲ್ಲಿ ಹೊಲಿಯುವಾಗ ಬಟ್ಟೆಯನ್ನು ತಳ್ಳುವವರು ಯಾರೂ ಇಲ್ಲ, ಬೆರಳು ಪ್ರತಿ ಟಾಕಾಕ್ಕೂ ಸರಿಮಾಡಿಕೊಳ್ಳುತ್ತದೆ. ಕವಂದಿಯಲ್ಲಿ ತುಂಡುಗಳನ್ನು ಹೊಲಿಯುತ್ತಾ ಹೋದ ಹಾಗೆ ಸೇರಿಸುತ್ತಾರೆ, ಗುಳ್ಳೆ ಏಳಲು ಅಲ್ಲಿ ಮೊದಲೇ ಜೋಡಿಸಿಟ್ಟ ಬಟ್ಟೆಯೇ ಇಲ್ಲ. ಮಷೀನಿನಲ್ಲಿ ಕೆಳಗಿನ ಹಲ್ಲು ಅಡಿಯ ಬಟ್ಟೆ ಎಳೆಯುತ್ತದೆ, ಮೇಲಿನ ಫೂಟ್ ಮೇಲಿನ ಬಟ್ಟೆಯನ್ನು ಮುಂದಕ್ಕೆ ನೂಕುತ್ತದೆ. ಅದಕ್ಕೇ ನಡುವಿನಿಂದ ಹೊರಗೆ. ಅದಕ್ಕೇ ಮೇಲಿನ ಬಟ್ಟೆಯನ್ನೂ ಜೊತೆಜೊತೆಗೆ ಎಳೆಯುವ ವಾಕಿಂಗ್ ಫೂಟ್.

ಮಲ್ಲಿಗೆಯವರ ಸಮಸ್ಯೆ ದಿಕ್ಕಿನದ್ದಲ್ಲ, ದಟ್ಟಣೆಯದ್ದು. ಒತ್ತಾಗಿ ಹೊಲಿದ ಕಡೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಡು ಕುಗ್ಗಿತು, ಅಂಚು ಹಾಗೇ ಉಳಿಯಿತು. ಉಳಿದದ್ದು ಎಲ್ಲಿಗೆ ಹೋಗಬೇಕು? ಮೇಲಕ್ಕೆ ಎದ್ದಿತು.

ದಾರದುಂಡೆ · 12:52

ಬಾರ್ಡರ್ ಪಟ್ಟಿಯನ್ನು ಅಳೆದು ಕತ್ತರಿಸಿದಿರಾ, ಇಲ್ಲಾ ಉದ್ದ ಪಟ್ಟಿ ಹೊಲಿಯುತ್ತಾ ಹೋಗಿ ಕೊನೆಗೆ ಉಳಿದದ್ದು ಕತ್ತರಿಸಿದಿರಾ? ನಿಜ ಹೇಳಿ.

ಸೂಜಿಮಲ್ಲಿಗೆ · ಮಧ್ಯಾಹ್ನ 1:10

ಎರಡನೆಯದು 🙈

ದಾರದುಂಡೆ · 1:12

ಗೊತ್ತಿತ್ತು. ಯಾವಾಗಲೂ ನಡುಭಾಗದಲ್ಲಿ ಉದ್ದ ಅಳೆದು, ಅಷ್ಟಕ್ಕೇ ಬಾರ್ಡರ್ ಕತ್ತರಿಸಿ, ಎರಡು ತುದಿ ಮತ್ತು ನಡುವೆ ಪಿನ್ನು ಹಾಕಿ ಹೊಲಿಯಬೇಕು. ಇನ್ನೊಂದು ಪ್ರಶ್ನೆ, ಎಲೆಯ ತ್ರಿಕೋನಗಳನ್ನು ಹೇಗೆ ಮಾಡಿದಿರಿ?

ಸೂಜಿಮಲ್ಲಿಗೆ · 1:25

ಚೌಕವನ್ನು ಮೊದಲೇ ಎರಡು ತ್ರಿಕೋನ ಮಾಡಿ ಕತ್ತರಿಸಿ ಆಮೇಲೆ ಜೋಡಿಸಿದೆ. ಖಣ ಜಾರುತ್ತಿತ್ತು, ಎಳೆದು ಹಿಡಿದು ಹೊಲಿದೆ. ಇಸ್ತ್ರಿಯನ್ನೂ ಎಳೆದೆಳೆದು ಮಾಡಿದೆ.

ಹಳೇಸಿಂಗರ್ · 1:40

ಅಯ್ಯೋ. ಓರೆಯಾಗಿ ಕತ್ತರಿಸಿದ ಕ್ರಾಸ್ ಬಟ್ಟೆಯನ್ನು ಎಳೆದರೆ ಅದು ಹಿಗ್ಗದೆ ಇನ್ನೇನು. ಕುಪ್ಪಸದ ಕತ್ತಿಗೆ ಕ್ರಾಸ್ ಪೀಸ್ ಇಡುವುದೇ ಅದು ಹಿಗ್ಗುತ್ತದೆ ಅಂತ.

ಮುಂದಿನ ಸಲ ಹೀಗೆ ಮಾಡಿ. ಎಲೆ ಬಣ್ಣದ್ದು ಒಂದು, ಕೆನೆಯದು ಒಂದು, ಎರಡೂ 4 ಇಂಚಿನ ಚೌಕ. ಒಂದರ ಮೇಲೊಂದು ಇಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಗೆ ಕಾಲಿಂಚು ಬಿಟ್ಟು ಹೊಲಿಯಿರಿ, ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಎರಡು ಚೌಕ ಸಿಗುತ್ತದೆ, 3½ ಇಂಚಿಗೆ ಟ್ರಿಮ್ ಮಾಡಿ. ಒಂದು ಎಲೆಗೆ ಇಂಥವು ನಾಲ್ಕು ಬೇಕು, ಹಾಗಾಗಿ ಎರಡು ಜೋಡಿ ಸಾಕು. ಖಣದಂಥ ಜಾರುವ ಬಟ್ಟೆಗೆ ಹಿಂದೆ ತೆಳ್ಳಗಿನ ಅಂಟು ಕ್ಯಾನ್ವಾಸ್ ಅಂಟಿಸಿ. ಇಸ್ತ್ರಿಯನ್ನು ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಎಳೆಯಬೇಡಿ.

ಪಿತೃಪಕ್ಷಿ · ಸಂಜೆ 4:03

ವಿಷಯಾಂತರಕ್ಕೆ ಕ್ಷಮಿಸಿ. ಶರದೃತು ಅಂತ ಎಲೆ ಉದುರುವ ಅಲಂಕಾರ ಮಾಡುತ್ತೀರಲ್ಲ, ನಮ್ಮ ಊರಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಜನವರಿಯ ಮೇಲೆ. ಶರತ್ತಿನಲ್ಲಿ ನಮ್ಮ ಕಡೆ ಎಲ್ಲ ಹಸಿರು. ಆಲೋಚಿಸಿ.

ಕಡಲಾಚೆ_ಕಮಲಿ · 4:10

ಅವರು ಇರುವುದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ. ಅಲ್ಲಿಯ ಮರಗಳು ನಮ್ಮ ಪಂಚಾಂಗ ಓದುವುದಿಲ್ಲ.

ಗೇಣುದ್ದ · 4:22

ಆದರೆ ಬಣ್ಣ ನೋಡಿ, ಚೆಂಡು ಹೂವು, ಅರಿಶಿನ, ಕುಂಕುಮ. ನಾನು ನನ್ನ ಶರತ್ಕಾಲದ ರನ್ನರನ್ನೇ ದಸರಾ ಗೊಂಬೆಯ ಕೆಳಗಿನ ಮೆಟ್ಟಿಲಿಗೆ ಹಾಸುತ್ತೇನೆ. ಕುಂಬಳಕಾಯಿ ಚಿತ್ರ ಇದ್ದರೂ ಯಾರೂ ಕೇಳಲಿಲ್ಲ. ಆಯುಧಪೂಜೆಗೆ ಅಂಗಡಿಯಲ್ಲಿ ಬೂದುಗುಂಬಳ ಸಿಗದೆ, ಯಜಮಾನರು ಹ್ಯಾಲೋವೀನ್‌ಗೆ ತಂದ ಕಿತ್ತಳೆ ಕುಂಬಳಕ್ಕೇ ಕುಂಕುಮ ತುಂಬಿ ಕಾರಿನ ಮುಂದೆ ಒಡೆದರು. ಎದುರು ಮನೆಯ ಹುಡುಗ ಇದಾಗಲೇ ಹ್ಯಾಲೋವೀನಾ ಅಂತ ಓಡಿ ಬಂದ. ಅವನಿಗೂ ಒಂದು ಲಾಡು ಕೊಟ್ಟೆವು.

ಡಾಲರ್‌ದಾಸ · 4:30

ನಾನು ಹೇಳಿದ ರನ್ನರ್ ಬೆಲೆ ಈಗ ಹದಿನಾರು ಡಾಲರ್.

ಸೂಜಿಮಲ್ಲಿಗೆ · ರಾತ್ರಿ 9:15

ಆರು ಸಲ ನೀರು ಬದಲಿಸಿದೆ. ಕಲರ್ ಕ್ಯಾಚರ್ ನಾಲ್ಕು ಹಾಳೆ ಕೆಂಪಾದವು, ಐದನೆಯದು ಬಿಳಿಯಾಗೇ ಬಂತು! ಒಂದು ಎಲೆಯ ಸುತ್ತ ಪೂರ್ತಿ ಹೋಯಿತು. ಇನ್ನೊಂದರ ಹತ್ತಿರ ತೊಟ್ಟಿನ ಬಳಿ ಸ್ವಲ್ಪ ಉಳಿದಿದೆ. ಈಗ ಅಲೆಗೆ ಏನು ಮಾಡಲಿ? ಬೈಂಡಿಂಗ್‌ಗೆ ಬಟ್ಟೆ ಬೇರೆ ತರಬೇಕು. ಮುಂಚೆ ಆಗಿದ್ದರೆ ಹತ್ತು ನಿಮಿಷದಲ್ಲಿ ಜೋಆನ್ ಬಟ್ಟೆ ಅಂಗಡಿಗೆ ಹೋಗಿ ಬರುತ್ತಿದ್ದೆ. ಈ ಮೇ ತಿಂಗಳ ಕೊನೆಗೆ ಅವರ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಬಟ್ಟೆ ಮುಟ್ಟಿ ನೋಡಿ ತರಲು ಮುಕ್ಕಾಲು ಗಂಟೆ ಕಾರು ಓಡಿಸಬೇಕು.

ದಾರದುಂಡೆ · 9:33

ಪಕ್ಕದ ಮನೆ ಅಜ್ಜಿಯ ಹತ್ತಿರ ಕೇಳಿ. ನಲವತ್ತು ವರ್ಷ ಹೊಲಿದವರ ಕಪಾಟಿನಲ್ಲಿ ಹತ್ತಿಂಚು ಬಟ್ಟೆ ಸಿಗದೆ ಇರುತ್ತಾ?

ಸೂಜಿಮಲ್ಲಿಗೆ · 9:35

ಅವರಿಗೆ ಗೊತ್ತಾಗಬಾರದು ಅಂತ ತಾನೇ ಇಷ್ಟೆಲ್ಲ!

ಹಳೇಸಿಂಗರ್ · 9:58

ಕ್ರಮವಾಗಿ ಹೇಳುತ್ತೇನೆ. ಬೈಂಡಿಂಗ್ ಬಿಚ್ಚಿ. ಸಿನಿಮಾ ಹಾಕಿಕೊಂಡು ಕೂತರೆ ಒಂದು ಸಿನಿಮಾದ ಕೆಲಸ. ಆಮೇಲೆ ರನ್ನರನ್ನು ಒದ್ದೆ ಮಾಡಿ ಹಿಂಡಿ, ದಪ್ಪ ಥರ್ಮೋಕೋಲ್ ಹಾಳೆ ಮೇಲೆ ಟವೆಲ್ ಹಾಕಿ, ಮೂಲೆಗಳು ಸರಿಯಾಗಿ ಚೌಕ ಬರುವ ಹಾಗೆ ಸುತ್ತ ಪಿನ್ನು ಹೊಡೆದು ಫ್ಯಾನ್ ಕೆಳಗೆ ಒಣಗಿಸಿ. ಅರ್ಧ ಅಲೆ ಇಲ್ಲೇ ಹೋಗುತ್ತದೆ. ಒಣಗಿದ ಮೇಲೆ ಬಾರ್ಡರ್‌ನಲ್ಲಿ ಅರ್ಧರ್ಧ ಇಂಚಿಗೆ ನೇರ ಹೊಲಿಗೆ ಹಾಕಿ, ವಾಕಿಂಗ್ ಫೂಟ್‌ನಲ್ಲಿ. ಎಲೆಯಷ್ಟೇ ದಟ್ಟವಾಗಿ. ಹೆಚ್ಚಿನ ಬಟ್ಟೆಯನ್ನು ಆ ಹೊಲಿಗೆಗಳೇ ಒಳಕ್ಕೆ ಎಳೆದುಕೊಳ್ಳುತ್ತವೆ. ಕೊನೆಗೆ ದೊಡ್ಡ ಸ್ಕೇಲು ಇಟ್ಟು ಅಂಚು ನೇರ ಕತ್ತರಿಸಿ ಹೊಸ ಬೈಂಡಿಂಗ್.

ಕಾಲಿಂಚು · 10:06

ಒಂದು ಸೇರ್ಪಡೆ. ಬಾರ್ಡರ್‌ನ ಎಲ್ಲ ಗೆರೆಗಳನ್ನೂ ಒಂದೇ ದಿಕ್ಕಿಗೆ ಹೊಲಿಯಿರಿ. ಒಂದು ಆ ಕಡೆ ಒಂದು ಈ ಕಡೆ ಹೋದರೆ ಪದರಗಳು ತಿರುಚಿಕೊಳ್ಳುತ್ತವೆ.

ಅಜ್ಜಂಪುರದವಳು · 10:20

ಬಿಸಿ ಪಾತ್ರೆ ನೇರ ಇಡಬೇಡಿ. ನಾನೊಮ್ಮೆ ಪಾಲಿಯೆಸ್ಟರ್ ಬ್ಯಾಟಿಂಗ್ ಹಾಕಿದ ಮ್ಯಾಟ್ ಮೇಲೆ ಕುಕ್ಕರ್ ಇಟ್ಟೆ, ಒಳಗೇ ಕರಗಿ ಕಲ್ಲಿನ ಹಾಗಾಯಿತು. ಉಪ್ಪಿನ ವಿಷಯ ಒಪ್ಪಲ್ಲ, ಆದರೆ ಇದಂತೂ ನಿಜ.

ಹಳೇಸಿಂಗರ್ · 10:22

ಇದನ್ನು ನಾನೂ ಒಪ್ಪುತ್ತೇನೆ 🙂

ಸೂಜಿಮಲ್ಲಿಗೆ · ನವೆಂಬರ್ 23, ಸಂಜೆ 6:40

ಎರಡು ವಾರ ಕಾಣಲಿಲ್ಲ, ಕೆಲಸ ಜಾಸ್ತಿ. ರನ್ನರ್ ಮುಗಿದಿದೆ!

ಗುಟ್ಟು ಉಳಿಯಲಿಲ್ಲ. ಬೈಂಡಿಂಗ್ ಬಿಚ್ಚುತ್ತಾ ಕೂತಿದ್ದಾಗ ಅಜ್ಜ ನಮ್ಮ ಪಾರ್ಸೆಲ್ ಕೊಡಲು ಬಂದರು, ಕಿಟಕಿಯಿಂದ ನೋಡಿದರು, ಹೋಗಿ ಅಜ್ಜಿಗೆ ಹೇಳಿದರು. ಅಜ್ಜಿ ಊರುಗೋಲು ಹಿಡಿದು ಬಂದೇಬಿಟ್ಟರು. ಅಲೆಯ ಬಗ್ಗೆ ಒಂದು ಮಾತು ಆಡಲಿಲ್ಲ. ಖಣವನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಮಗ್ಗದಲ್ಲಿ ನೇಯ್ದದ್ದಾ ಅಂತ ಅರ್ಧ ಗಂಟೆ ಕೇಳಿದರು. ಅಡಿಯಲ್ಲಿರುವುದು ಅಪ್ಪನ ಪಂಚೆ ಅಂದಾಗ ಅದನ್ನು ಹೇಗೆ ಉಡುತ್ತಾರೆ ಅಂತ ನಮ್ಮ ಯಜಮಾನರಿಂದ ಜೀನ್ಸ್ ಮೇಲೆಯೇ ಉಡಿಸಿ ನೋಡಿದರು. ಮಾರನೇ ದಿನ ಕಂದು ಬಣ್ಣದ ಬಟ್ಟೆ ಒಂದು ಗಜ ಕಳಿಸಿದರು.

ನಾಲ್ಕು ಪಟ್ಟಿ, ಓರೆ ಜೋಡಣೆ, ಒಂದೂ ಮೂಲೆಗೆ ಬರಲಿಲ್ಲ. ಬಾರ್ಡರ್‌ಗೆ ನೇರ ಹೊಲಿಗೆ ಹಾಕಿದ ಮೇಲೆ ಮೂರು ಬದಿ ಚಪ್ಪಟೆ. ಬಲಗಡೆಯ ಒಂದು ಮೂಲೆ ಮಾತ್ರ ಇನ್ನೂ ಸ್ವಲ್ಪ ತಲೆ ಎತ್ತುತ್ತದೆ. ತೊಟ್ಟಿನ ಹತ್ತಿರದ ಗುಲಾಬಿ ಹಾಗೇ ಇದೆ, ಅಮ್ಮ ವಿಡಿಯೋದಲ್ಲಿ ನೋಡಿ ಅದು ಡಿಸೈನ್ ಅಂದುಕೊಂಡರು.

ಬಾದಾಮಿ_ಬಸವಿ · 7:02

ಉಳಿದ ಖಣದ ತುಂಡು ಎಸೆಯಬೇಡಿ ಮತ್ತೆ.

ಕಾಲಿಂಚು · 7:10

ಆ ಮೂಲೆ ಎಷ್ಟು ಎತ್ತುತ್ತದೆ? ಅಳೆದು ಹೇಳಿ.

ಸೂಜಿಮಲ್ಲಿಗೆ · 7:18

ಅಳೆಯಲ್ಲ ಸಾರ್! ಆ ಮೂಲೆ ಮೇಲೆ ಮಾವಿನಕಾಯಿ ಉಪ್ಪಿನಕಾಯಿ ಜಾಡಿ ಇಡುತ್ತೇನೆ.

ಹಳೇಸಿಂಗರ್ · 7:19

ಜಾಡಿ ಕೆಳಗೆ ತಟ್ಟೆ ಇಡಿ. ಎಣ್ಣೆ ಕಲೆಗೆ ಕಲರ್ ಕ್ಯಾಚರ್ ಇಲ್ಲ.